ದಿಡ್ಡಿ ಬಾಗಿಲು

ಶನಿವಾರವಾಡೆಯ ದಿಲ್ಲಿ ದರವಾಜೆಯನ್ನು ಪುಣೆಯ ಕನ್ನಡಿಗರೆಲ್ಲ ಬಲ್ಲರು. ಆನೆಯನ್ನು ತಡೆಯಲು ಕದದ ತುಂಬ ಮೊನಚು ಮೊಳೆ. ದಿನದ ಓಡಾಟಕ್ಕೆ ಅದೇ ಕದದಲ್ಲಿ ಒಂದು ದಿಡ್ಡಿ ಬಾಗಿಲು. ಈ ಊರಿನ ಕಂಪ್ಯೂಟರ್ ಕಚೇರಿಗಳಲ್ಲಿ ದುಡಿಯುವ ನಮ್ಮ ಮಕ್ಕಳಿಗೂ ಇದೇ ಪಾಠ.

ಲಿನಕ್ಸ್ ಸರ್ವರೊಂದರಲ್ಲಿ ಹತ್ತಾರು ವರ್ಚುಯಲ್ ಯಂತ್ರಗಳು, ವಾಡೆಯ ಬಿಡಾರಗಳಂತೆ, ಕೂಡಿ ಇರುತ್ತವೆ: ಒಂದರಲ್ಲಿ ಬ್ಯಾಂಕಿನ ಲೆಕ್ಕ, ಮಗ್ಗುಲಲ್ಲಿ ಯಾರದೋ ಅಂಗಡಿ. ಒಂದರಿಂದ ಇನ್ನೊಂದಕ್ಕೆ ಯಾರೂ ನುಗ್ಗದಂತೆ ಎಸ್‌ಇಲಿನಕ್ಸ್ ಪ್ರತಿಯೊಂದಕ್ಕೂ ಬೇರೆ ಗುರುತು ಹಚ್ಚಿ ಕಾಯುತ್ತದೆ. ಫೆಡೋರಾದಲ್ಲಿ 2009ರಿಂದ ಈ ಕಾವಲು ಕೇಳದೆಯೇ ಬರುತ್ತದೆ.

ಕೆಲಸಕ್ಕೆ ಅಡ್ಡಿಯಾದೊಡನೆ ಕೆಲವರು ಕಾವಲನ್ನೇ ಕಳಚುವರು. “ಯಂತ್ರ ನಮ್ಮದು, ಇಷ್ಟ ನಮ್ಮದು” ಎನ್ನುವರು. ಒಪ್ಪೋಣ, ಆದರೆ ಬಿಡಾರದವರನ್ನು ಕೇಳಿದವರಾರು? 2015ರಲ್ಲಿ ‘ವೆನಮ್’ ಎಂಬ ದೋಷ ಬಯಲಾಯಿತು. ಈ ಯಂತ್ರಗಳನ್ನು ನಡೆಸುವ ಕ್ಯೂಎಮುವಿನ ಫ್ಲಾಪಿ ಭಾಗದಲ್ಲಿ ಬಿರುಕು. ಫ್ಲಾಪಿ ಬೇಡವೆಂದವರಲ್ಲಿಯೂ ಅದು ಉಳಿದೇ ಇತ್ತು. ಕಾವಲಿದ್ದಲ್ಲಿ ಕಳ್ಳನು ಹೊರಬಿದ್ದರೂ ನೆರೆಮನೆ ಮುಟ್ಟುವುದು ಕಷ್ಟ.

ಡಿಸ್ಕು ಜಾಲದ ಬೇರೊಂದು ಯಂತ್ರದಲ್ಲಿದೆಯೆ? ‘ವರ್ಟ್ ಯೂಸ್ ಎನ್‌ಎಫ್‌ಎಸ್’ ಎಂಬ ಒಂದು ಕೀಲಿ ತೆರೆದರೆ ಸಾಕು. ದಿಡ್ಡಿ ತೆರೆಯಿರಿ, ಮಹಾದ್ವಾರ ಕೀಳಬೇಡಿ.