ಬೆವರಿಲ್ಲದ ಹಣ



ನಾರಾಯಣಪೇಟೆ, ಮಕ್ತಲ್, ಗದ್ವಾಲದ ನಮ್ಮ ಮಕ್ಕಳು “ಇಷ್ಟು ಕೂಲಿಗೆ ಮಗ್ಗದಲ್ಲಿ ಯಾಕೆ ಕೂಡಬೇಕು?” ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಆದರೆ ದುಡಿಯದೆ ಹಣ ಬರಬೇಕೆಂದು ಅವರಿಗೆ ಕಲಿಸಿದವರು ಯಾರು? ಮೊಬೈಲಿನಲ್ಲಿ ಜೂಜಿಗೆ ಮುಖ ಕೊಟ್ಟ ತಾರೆಯರು. ಅವರ ಸಂಭಾವನೆ ಸೋತ ಹುಡುಗರ ಜೇಬಿನದೇ.

ತೆಲಂಗಾಣ 2017ರಲ್ಲೇ ಆನ್‌ಲೈನ್ ಜೂಜನ್ನು ನಿಷೇಧಿಸಿತು. ಆದರೂ ಜಾಹೀರಾತು ನಿಲ್ಲಲಿಲ್ಲ. 2025ರ ಮಾರ್ಚಿನಲ್ಲಿ ಹೈದರಾಬಾದಿನಲ್ಲಿ ಸಿನಿಮಾದವರ ಮೇಲೆ ಕೇಸು ಬಿತ್ತು. ಆಗಸ್ಟಿನಲ್ಲಿ ಸಂಸತ್ತು ಹಣದ ಆಟವನ್ನೂ ಅದರ ಜಾಹೀರಾತನ್ನೂ ದೇಶಕ್ಕೆಲ್ಲ ನಿಷೇಧಿಸಿತು.

ಕಾನೂನು ಬಂತೆಂದು ನಾವು ಸುಮ್ಮನಿರಬಾರದು. ಮಕ್ಕಳನ್ನು ಬೈದರೂ ಸಾಲದು. ಕೂಲಿಯ ದಿನ ಸೀರೆಯ ಲೆಕ್ಕವನ್ನು ಅವರ ಮುಂದಿಡೋಣ: ನೂಲಿಗೆಷ್ಟು, ಕೈಗೆಷ್ಟು, ಅಂಗಡಿಗೆಷ್ಟು. ಅವರ ಸಿಟ್ಟು ಜೂಜಿನ ಕಡೆಗಲ್ಲ, ನ್ಯಾಯವಾದ ಕೂಲಿಯ ಕಡೆಗೆ ತಿರುಗಲಿ.