ಹಿರಿಯ ಶಿಲೆ ಯಾವುದು, ಕಿರಿಯದು ಯಾವುದು?

ಬೆಂಗಳೂರಿನ ಲಾಲ್‌ಬಾಗಿಗೆ ಹೋದವರಲ್ಲಿ ಅಲ್ಲಿನ ಹೆಬ್ಬಂಡೆಯನ್ನು ಹತ್ತದವರು ವಿರಳ. ಕೆಂಪೇಗೌಡನ ಗೋಪುರದ ಬಳಿ ನಿಂತು ಊರನ್ನು ನೋಡಿ ಇಳಿಯುವವರ ಪೈಕಿ ಕೆಲವರು, ಈ ಬಂಡೆಗೆ ಮುನ್ನೂರು ಕೋಟಿ ವರ್ಷ ವಯಸ್ಸಂತೆ ಎಂದು ಕೇಳಿ ಬೆರಗಾಗುವುದುಂಟು. ಬೆರಗು ಸಹಜವೇ. ಆದರೆ ಆ ಸಂಖ್ಯೆಯನ್ನು ಕೇಳಿದ ಮೇಲೆ ಬಂಡೆಯನ್ನು ತಿರುಗಿ ನೋಡುವವರು ಇಲ್ಲವೆನ್ನುವಷ್ಟು ಕಡಮೆ. ಅದರ ಮೈಮೇಲೆ ಕಪ್ಪು ಬಿಳುಪಿನ ಪಟ್ಟೆಗಳಿವೆ. ಆ ಪಟ್ಟೆಗಳನ್ನು ಅಡ್ಡಲಾಗಿ ಸೀಳಿಕೊಂಡು ಹೋಗುವ ಬಿಳಿಯ ಎಳೆಗಳೂ ಇವೆ. ಇವುಗಳಲ್ಲಿ ಮೊದಲು ಹುಟ್ಟಿದ್ದು ಯಾವುದು, ಆಮೇಲೆ ಬಂದದ್ದು ಯಾವುದು? ಈ ಪ್ರಶ್ನೆಗೆ ಉತ್ತರ ಹೇಳಲು ಯಂತ್ರ ಬೇಡ, ಪ್ರಯೋಗಶಾಲೆ ಬೇಡ. ಎರಡು ಕಣ್ಣು, ಸ್ವಲ್ಪ ತಾಳ್ಮೆ ಸಾಕು. ಪಟ್ಟೆಯಿಲ್ಲದೆ ಪಟ್ಟೆಯನ್ನು ಸೀಳಲಾಗದು. ಆದುದರಿಂದ ಸೀಳಿದ್ದೇ ಕಿರಿಯದು.

ಶಿಲೆಗಳ ವಯಸ್ಸನ್ನು ವರ್ಷಗಳಲ್ಲಿ ಎಣಿಸುವ ವಿದ್ಯೆ ಈಗ ಬಹಳ ಮುಂದುವರಿದಿದೆ. ಅದನ್ನು ಕಂಡು, ಯಾವುದು ಹಿರಿಯದು ಯಾವುದು ಕಿರಿಯದು ಎಂದು ನೋಡಿ ನಿರ್ಣಯಿಸುವ ಹಳೆಯ ವಿದ್ಯೆ ಇನ್ನು ಬೇಕಿಲ್ಲವೆಂದು ಭಾವಿಸುವವರು ಹೆಚ್ಚುತ್ತಿದ್ದಾರೆ. ಇದು ತಪ್ಪೆಂದು ನಾವು ಹೇಳುತ್ತೇವೆ. ಸರದಿ ಮೊದಲು, ಸಂಖ್ಯೆ ಆಮೇಲೆ. ಸರದಿಯನ್ನು ತಿಳಿಯದವನ ಕೈಗೆ ಸಂಖ್ಯೆ ಸಿಕ್ಕರೆ ಅದು ದಾರಿ ತೋರಿಸುವುದಕ್ಕಿಂತ ದಾರಿ ತಪ್ಪಿಸುವುದೇ ಹೆಚ್ಚು. ಈ ಮಾತಿಗೆ ನಮ್ಮ ನಾಡಿನ ಬಂಡೆಗಳೇ ಸಾಕ್ಷಿ ನುಡಿಯುತ್ತವೆ.

ಹಳೆಯ ವಿದ್ಯೆಯ ಸೂತ್ರಗಳು ನಾಲ್ಕೈದು ಮಾತ್ರ. ಅವೂ ನಮ್ಮ ನಿತ್ಯದ ಬಾಳಿನಲ್ಲಿ ಕಂಡವೇ. ಹಳೆಯ ಮನೆಯ ಗೋಡೆಯಿಂದ ಸುಣ್ಣದ ಹಕ್ಕಳೆ ಎದ್ದು ಬಂದಾಗ, ಒಳಗಿನ ಪದರ ಅಜ್ಜನ ಕಾಲದ್ದು, ಹೊರಗಿನದು ಕಳೆದ ಹಬ್ಬದ್ದು ಎಂದು ಮಕ್ಕಳೂ ಹೇಳುತ್ತಾರೆ. ನೀರಿನಡಿಯಲ್ಲಿ ಕೂಡಿದ ಕೆಸರು ಮರಳುಗಳಿಂದಾದ ಶಿಲಾಸ್ತರಗಳಲ್ಲಿಯೂ ಹೀಗೆಯೇ: ತಲೆಕೆಳಗಾಗಿರದಿದ್ದರೆ, ಕೆಳಗಿನ ಸ್ತರ ಹಿರಿಯದು, ಮೇಲಿನದು ಕಿರಿಯದು. ಡೆನ್ಮಾರ್ಕಿನಲ್ಲಿ ಹುಟ್ಟಿ ಇಟಲಿಯ ಟಸ್ಕನಿ ಪ್ರಾಂತದಲ್ಲಿ ಕೆಲಸ ಮಾಡಿದ ನಿಕೋಲಾಸ್ ಸ್ಟೆನೊ 1669ರಲ್ಲಿ ಈ ಮಾತನ್ನು ಬರೆದಿಟ್ಟನು. ಕೆಸರು ಮಟ್ಟಸವಾಗಿಯೇ ಕೂಡುತ್ತದೆ. ಸ್ತರಗಳು ಓರೆಯಾಗಿದ್ದರೆ ಆ ಓರೆ ಆಮೇಲಿನದು ಎಂಬುದೂ ಅವನ ಸೂತ್ರವೇ.

ಇನ್ನೊಂದು ಸೂತ್ರಕ್ಕೆ ನಮ್ಮ ಹಳ್ಳಿಗಳಲ್ಲಿಯೇ ಉದಾಹರಣೆಯುಂಟು. ಎಷ್ಟೋ ಕಡೆ ಗುಡಿಯ ಗೋಡೆಯಲ್ಲಿ, ಕೆರೆಯ ತೂಬಿನಲ್ಲಿ ಹಳೆಯ ವೀರಗಲ್ಲನ್ನು ಸೇರಿಸಿ ಕಟ್ಟಿರುತ್ತಾರೆ. ಗೋಡೆಯ ಕಾಲ ತಿಳಿಯದಿದ್ದರೂ ಒಂದು ಮಾತು ನಿಶ್ಚಯ: ವೀರಗಲ್ಲು ಗೋಡೆಗಿಂತ ಹಿರಿಯದು. ಒಂದು ಶಿಲೆಯ ಒಡಲಲ್ಲಿ ಮತ್ತೊಂದರ ಚೂರು ಸಿಕ್ಕಿದರೆ ಆ ಚೂರು ಹಿರಿಯದು, ಒಡಲು ಕಿರಿಯದು. ಬಿರುಕಿನೊಳಗೆ ನುಗ್ಗಿ ಗಟ್ಟಿಯಾದ ಶಿಲೆ ಬಿರುಕು ಬಿಟ್ಟ ಶಿಲೆಗಿಂತ ಕಿರಿಯದು.

ಈ ಸಣ್ಣ ಸೂತ್ರಗಳಿಂದ ಎಷ್ಟು ದೊಡ್ಡ ತೀರ್ಮಾನ ಹೊರಡಬಹುದೆಂಬುದನ್ನು ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ತೋರಿಸಿದನು. 1788ರಲ್ಲಿ ಅವನು ಇಬ್ಬರು ಮಿತ್ರರೊಡನೆ ದೋಣಿಯಲ್ಲಿ ಸಿಕರ್ ಪಾಯಿಂಟ್ ಎಂಬ ಕಡಲಂಚಿನ ಕೋಡುಗಲ್ಲಿಗೆ ಹೋದನು. ಅಲ್ಲಿ ನೆಟ್ಟಗೆ ನಿಂತ ಸ್ತರಗಳ ತುದಿಗಳು ಸವೆದಿದ್ದವು. ಅವುಗಳ ಮೇಲೆ ಕೆಂಪು ಮರಳುಗಲ್ಲಿನ ಸ್ತರಗಳು ಸ್ವಲ್ಪವೇ ಓರೆಯಾಗಿ ಹಾಸಿಕೊಂಡಿದ್ದವು. ಕೆಳಗಿನವು ಮೊದಲು ಕಡಲಡಿಯಲ್ಲಿ ಮಟ್ಟಸವಾಗಿ ಕೂಡಿ, ಗಟ್ಟಿಯಾಗಿ, ಎದ್ದು ನಿಂತು, ಮಳೆಗಾಳಿಗೆ ಸವೆದು, ಆಮೇಲೆ ಹೊಸ ಮರಳನ್ನು ಹೊತ್ತಿರಬೇಕಷ್ಟೆ. ಇದಕ್ಕೆಷ್ಟು ವರ್ಷ ಹಿಡಿಯಿತೆಂದು ಹಟನ್ ಹೇಳಲಾರದವನಾಗಿದ್ದನು. ಆದರೆ ಕೆಲವು ಸಾವಿರ ವರ್ಷಗಳು ಸಾಲವೆಂಬುದು ಅವನಿಗೆ ಸ್ಪಷ್ಟವಾಗಿತ್ತು. ಒಂದು ಸಂಖ್ಯೆಯನ್ನೂ ಹೇಳದೆ ಅವನು ಭೂಮಿಯ ವಯಸ್ಸನ್ನು ಹಿಗ್ಗಿಸಿದನು.

ಇನ್ನು ನಮ್ಮ ನಾಡಿಗೆ ಬರೋಣ. ಇಲ್ಲಿನ ಹಳೆಯ ಶಿಲೆಗಳಲ್ಲಿ ಮುಖ್ಯವಾದವು ಎರಡು. ಒಂದು, ಮೈಸೂರು ಸೀಮೆಯ ಬಹುಭಾಗವನ್ನು ಹಾಸಿಕೊಂಡಿರುವ, ಪಟ್ಟೆಗಳುಳ್ಳ ನೈಸ್ ಶಿಲೆ, ಲಾಲ್‌ಬಾಗಿನದು ಇದೇ. ಇನ್ನೊಂದು, ಅದರ ನಡುನಡುವೆ ಉದ್ದನೆಯ ಪಟ್ಟಿಗಳಾಗಿ ಚಾಚಿರುವ ಶಿಸ್ಟ್ ಶಿಲೆಗಳು. ಬಾಬಾಬುಡನ್ ಗಿರಿಯ ಕಬ್ಬಿಣದ ಅದಿರು ಈ ಗುಂಪಿನದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1880ರ ದಶಕದಲ್ಲಿ ಈ ಶಿಸ್ಟ್ ಪಟ್ಟಿಗಳಿಗೆ ಧಾರವಾಡ ಶಿಲಾವರ್ಗವೆಂದು ಹೆಸರಿಟ್ಟನು. ನೈಸ್ ಎಂಬುದು ತಳಪಾಯ, ಧಾರವಾಡ ಶಿಲೆಗಳು ಅದರ ಮೇಲೆ ಕೂಡಿದವು ಎಂಬುದು ಅವನ ಮತ.

1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ತೆರೆಯಿತು. ಅದರ ನಿರ್ದೇಶಕನಾದ ಡಬ್ಲ್ಯು. ಎಫ್. ಸ್ಮೀತ್ ತದ್ವಿರುದ್ಧವಾದ ತೀರ್ಮಾನಕ್ಕೆ ಬಂದನು. ನೈಸಿನ ಎಳೆಗಳು ಶಿಸ್ಟಿನೊಳಗೆ ನುಗ್ಗಿರುವುದನ್ನೂ ಶಿಸ್ಟಿನ ಚೂರುಗಳು ನೈಸಿನಲ್ಲಿ ಸಿಕ್ಕಿಕೊಂಡಿರುವುದನ್ನೂ ಇಲಾಖೆಯವರು ಅನೇಕ ಕಡೆ ಕಂಡರು. ವೀರಗಲ್ಲಿನ ಸೂತ್ರವನ್ನು ಹಚ್ಚಿದರೆ ಶಿಸ್ಟೇ ಹಿರಿಯದು. ಸ್ಮೀತ್ 1916ರಲ್ಲಿ ಪ್ರಕಟಿಸಿದ ಮೈಸೂರಿನ ಭೂಚರಿತ್ರೆಯ ರೂಪರೇಖೆಯಲ್ಲಿ ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವು. ನೈಸ್ ಅವುಗಳಿಗಿಂತ ಕಿರಿಯದು.

ಹಾಗಾದರೆ ಧಾರವಾಡ ಸ್ತರಗಳಲ್ಲಿ ಅಲ್ಲಲ್ಲಿ ಕಾಣುವ ಕಾಂಗ್ಲಾಮರೇಟಿನ ಗತಿಯೇನು? ಹೊಳೆಯಲ್ಲಿ ಉರುಳಿ ನುಣುಪಾದ ಗುಂಡುಕಲ್ಲುಗಳು ಮೆತ್ತಿಕೊಂಡು ಆಗುವ ಶಿಲೆ ಅದು. ಆ ಗುಂಡುಕಲ್ಲುಗಳಲ್ಲಿ ನೈಸ್ ಮತ್ತು ಗ್ರಾನೈಟಿನವೂ ಇದ್ದರೆ, ಅದೇ ಸೂತ್ರದ ಪ್ರಕಾರ ನೈಸೇ ಹಿರಿಯದಾಗಬೇಕು. ಸ್ಮೀತನ ಪಕ್ಷದವರು ಅವು ಹೊಳೆಯ ಕಲ್ಲುಗಳಲ್ಲವೆಂದೂ ಭೂಮಿಯೊಳಗಿನ ಒತ್ತಡದಲ್ಲಿ ನುಗ್ಗಾಗಿ ಗುಂಡಾದ ಚೂರುಗಳೆಂದೂ ಹೇಳಿದರು. ವಾದ ದಶಕಗಳವರೆಗೆ ನಡೆಯಿತು. ಇಲಾಖೆಯ ನಮ್ಮವರೇ ಆದ ಬಿ. ರಾಮರಾಯರು, ಸಿ. ಎಸ್. ಪಿಚ್ಚಮುತ್ತು ಮೊದಲಾದವರು ಬಂಡೆಯಿಂದ ಬಂಡೆಗೆ ನಡೆದು, ಧಾರವಾಡ ಶಿಲೆಗಳಲ್ಲಿ ನೀರಿನಲ್ಲಿ ಕೂಡಿದ ಗುರುತುಗಳಿರುವುದನ್ನು ಎತ್ತಿ ತೋರಿಸಿದರು. ಬಾಬಾಬುಡನ್ ಸಾಲಿನ ಬೆಣಚುಶಿಲೆಗಳಲ್ಲಿ ಇಂದಿಗೂ ನೀರಿನ ಅಲೆಗಳು ಮೂಡಿಸಿದ ಗೀರುಗಳನ್ನೂ ಹರಿವಿನಿಂದಾದ ಓರೆಪದರಗಳನ್ನೂ ಕಾಣಬಹುದು. ಅವು ಸ್ತರದ ಮೇಲ್ಮೈ ಯಾವುದು, ತಳ ಯಾವುದು ಎಂಬುದನ್ನೂ ತಿಳಿಸುತ್ತವೆ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಯಲ್ಲಿ ನೀರಿನಡಿ ಹರಿದು ದಿಂಬುಗಳಂತೆ ಹೆಪ್ಪುಗಟ್ಟಿದ ಲಾವಾ ಇದೆ. ದಿಂಬಿನ ಉಬ್ಬು ಮೇಲಕ್ಕೆ, ಚೂಪು ಕೆಳಗಿನ ಸಂದಿಗೆ. ಸ್ತರ ತಲೆಕೆಳಗಾಗಿದ್ದರೂ ದಿಂಬು ಸುಳ್ಳು ಹೇಳದು.

ಕೊನೆಗೆ ತೀರ್ಪು ಯಾರ ಕಡೆಗಾಯಿತು? ವಿಚಿತ್ರವೆಂದರೆ ಇಬ್ಬರ ಕಡೆಗೂ ಆಯಿತು. ಶಿಸ್ಟ್ ಎಂದು ಒಂದೇ ಹೆಸರಿನಿಂದ ಕರೆಯುತ್ತಿದ್ದುದರಲ್ಲಿ ಎರಡು ಬೇರೆ ಬೇರೆ ಕಾಲದ ಗುಂಪುಗಳಿದ್ದವು. ಒಂದು ಗುಂಪಿನ ತುಣುಕುಗಳು ನೈಸಿನ ಒಡಲಲ್ಲಿ ಸಿಕ್ಕಿಕೊಂಡಿವೆ. ಅದನ್ನು ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನ ಹೆಸರಿನಿಂದ ಸರಗೂರು ಗುಂಪೆಂದು ಕರೆಯುತ್ತಾರೆ. ಇನ್ನೊಂದು ನೈಸ್ ಸವೆದ ಮೇಲೆ ಅದರ ಬೆನ್ನ ಮೇಲೆ ಕೂಡಿದ ನಿಜವಾದ ಧಾರವಾಡ ಶಿಲೆಗಳು. ಸರ್ವೇಕ್ಷಣೆಯ ಸ್ವಾಮಿನಾಥ್ ಮತ್ತು ರಾಮಕೃಷ್ಣನ್ ಸಂಪಾದಿಸಿದ 1981ರ ಗ್ರಂಥದಲ್ಲಿ ಈ ವಿಂಗಡಣೆ ವಿಶದವಾಗಿದೆ. ಗೊಂದಲವನ್ನು ಹೆಚ್ಚಿಸಿದ್ದು ಇನ್ನೊಂದು ಸಂಗತಿ: ಚಿತ್ರದುರ್ಗದ ಗ್ರಾನೈಟಿನಂತಹ ಶಿಲೆಗಳು ಧಾರವಾಡ ಸ್ತರಗಳು ಕೂಡಿದ ಬಳಿಕ ಅವುಗಳೊಳಗೆ ನುಗ್ಗಿದವು. ಈ ಕಿರಿಯ ಗ್ರಾನೈಟಿನ ಎಳೆಯನ್ನು ಹಿರಿಯ ನೈಸಿನ ಎಳೆಯೆಂದು ತಿಳಿದರೆ ವಂಶಾವಳಿಯೇ ತಲೆಕೆಳಗಾಗುತ್ತದೆ.

ಈಗ ಸಂಖ್ಯೆಗಳೂ ದೊರಕಿವೆ. ಹಾಸನದ ಬಳಿಯ ಗೊರೂರಿನ ನೈಸಿಗೆ ಸುಮಾರು 330 ಕೋಟಿ ವರ್ಷ. ಧಾರವಾಡ ಶಿಲೆಗಳು ಸುಮಾರು 290 ರಿಂದ 260 ಕೋಟಿ ವರ್ಷ ಹಿಂದಿನವು. ರಾಮನಗರದ ಕಡೆಯ ಕ್ಲೋಸ್‌ಪೇಟೆ ಗ್ರಾನೈಟ್ ಸುಮಾರು 250 ಕೋಟಿ. ಅದನ್ನೂ ಸೀಳಿ ನಿಂತ ಕರಿಯ ಡೈಕ್ ಶಿಲೆಗಳು ಸುಮಾರು 237 ಕೋಟಿ. ಸಂಖ್ಯೆಗಳು ಸರದಿಗೆ ಹೊಂದಿಕೊಂಡಿರುವುದನ್ನು ವಾಚಕರು ಗಮನಿಸಬೇಕು. ಹೊಂದದೆ ಹೋಗಿದ್ದರೆ ನಾವು ಅನುಮಾನಿಸುತ್ತಿದ್ದುದು ಮೊದಲು ಸಂಖ್ಯೆಯನ್ನೇ. ಸೀಳಿದ ಶಿಲೆ ಸೀಳಿಸಿಕೊಂಡದ್ದಕ್ಕಿಂತ ಹಿರಿಯದಾಗಲು ಯಾವ ಯಂತ್ರ ಹೇಳಿದರೂ ಸಾಧ್ಯವಿಲ್ಲವಷ್ಟೆ.

ಸಂಖ್ಯೆ ಏಕೆ ತಪ್ಪಬಹುದು? ಯಂತ್ರ ಅಳೆಯುವುದು ಶಿಲೆಯಲ್ಲಿನ ಖನಿಜಕಣ ಹರಳುಗಟ್ಟಿದ ಕಾಲವನ್ನು. ಮರಳುಗಲ್ಲಿನಿಂದ ಜಿರ್ಕಾನ್ ಎಂಬ ಗಟ್ಟಿ ಹರಳನ್ನು ತೆಗೆದು ಅಳೆದರೆ ಸಿಗುವುದು ಆ ಹರಳನ್ನು ಹೆತ್ತ ಬೆಟ್ಟದ ವಯಸ್ಸು. ಮರಳುಗಲ್ಲು ಅದಕ್ಕಿಂತ ಕಿರಿಯದು ಎಂದಷ್ಟೇ ಹೇಳಬಹುದು. ಶಿಲೆ ಭೂಮಿಯ ಆಳದಲ್ಲಿ ಮತ್ತೆ ಕಾದಿದ್ದರೆ ಕೆಲವು ಗಡಿಯಾರಗಳು ಅಳಿಸಿಹೋಗಿ ಹೊಸದಾಗಿ ಓಡತೊಡಗುತ್ತವೆ. ಆಗ ಸಿಗುವುದು ಜನ್ಮಕಾಲವಲ್ಲ, ಕಾದ ಕಾಲ. ಅಳೆದದ್ದು ಯಾವ ಘಟನೆಯನ್ನು ಎಂಬುದನ್ನು ಯಂತ್ರ ಹೇಳಲಾರದು. ಕಣವನ್ನು ತಂದ ಜಾಗಕ್ಕೆ ಹೋಗಿ ನಿಂತವನೇ ಅದನ್ನು ಹೇಳಬೇಕು.

ಹಳೆಯ ವಿದ್ಯೆಯಲ್ಲಿ ಕೊರತೆಯೇ ಇಲ್ಲವೆಂದು ನಾವು ಹೇಳುವುದಿಲ್ಲ. ಬಾಗಲಕೋಟೆಯ ಕಡೆ ಮಡಿಚಿ ಓರೆಯಾದ ಸ್ತರಗಳ ಮೇಲೆ ಬಾದಾಮಿಯ ಮರಳುಗಲ್ಲು ಬಹುಮಟ್ಟಿಗೆ ಮಟ್ಟಸವಾಗಿ ಕುಳಿತಿದೆ. ಚಾಲುಕ್ಯರು ಗುಹಾಲಯಗಳನ್ನು ಕೊರೆದದ್ದು ಈ ಕಲ್ಲಿನಲ್ಲಿಯೇ. ಎರಡರ ನಡುವೆ ದೀರ್ಘಕಾಲ ಕಳೆದಿದೆಯೆಂದು ಕಣ್ಣು ಹೇಳುತ್ತದೆ, ಎಷ್ಟೆಂದು ಹೇಳಲಾರದು. ದೂರದೂರದ ಎರಡು ಊರುಗಳ ಸ್ತರಗಳಲ್ಲಿ ಹಿರಿಕಿರಿತನವನ್ನು ಹೇಳುವುದೂ ಕಷ್ಟ. ಇಂಗ್ಲೆಂಡಿನ ವಿಲಿಯಂ ಸ್ಮಿತ್ ಒಂದೊಂದು ಸ್ತರಕ್ಕೂ ಅದರದೇ ಪಳೆಯುಳಿಕೆಗಳಿರುವುದನ್ನು ಕಂಡು, ಆ ಗುರುತಿನ ನೆರವಿನಿಂದ 1815ರಲ್ಲಿ ತನ್ನ ದೇಶದ ಶಿಲಾನಕ್ಷೆಯನ್ನು ಹೊರತಂದನು. ನಮ್ಮ ಧಾರವಾಡ ಶಿಲೆಗಳ ಕಾಲದಲ್ಲಿ ಚಿಪ್ಪು ಮೂಳೆಗಳ ಜೀವಿಗಳೇ ಇರಲಿಲ್ಲ. ವಾಣಿವಿಲಾಸ ಸಾಗರದ ಬಳಿಯ ಸುಣ್ಣಶಿಲೆಯಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ಪದರಗುಡ್ಡೆಗಳ ಗುರುತು ಮಾತ್ರ ಉಂಟು. ಇಂತಹ ಕಡೆ ಸಂಖ್ಯೆಯ ಉಪಕಾರ ದೊಡ್ಡದು. ಅದನ್ನು ಕೃತಜ್ಞತೆಯಿಂದ ಒಪ್ಪೋಣ. ಆದರೆ ಉಪಕಾರಿಯನ್ನು ಯಜಮಾನನನ್ನಾಗಿ ಮಾಡುವುದು ಬೇಡ.

ಈ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಪ್ರಯೋಗಶಾಲೆಗೆ ಮುಷ್ಟಿಯಷ್ಟು ಕಲ್ಲು ಸಾಕು. ಅದು ಎಲ್ಲಿಯಾದರೂ ಸಿಕ್ಕೀತು. ಸರದಿಯನ್ನು ಹೇಳುವುದು ಎರಡು ಶಿಲೆಗಳು ಕೂಡುವ ಸಂದು. ಅಂತಹ ಸಂದುಗಳು ಮಣ್ಣಿನ ಹೊದಿಕೆಯಿಂದ ಹೊರಗೆ ಚೆನ್ನಾಗಿ ಕಾಣುವುದು ಕೆಲವೇ ಕಡೆ, ಕೆಲವೇ ಮಾರುಗಳಷ್ಟು ಜಾಗದಲ್ಲಿ. ಅವು ನೋಟಕ್ಕೆ ಭವ್ಯವಾಗಿಯೂ ಇರುವುದಿಲ್ಲ. ಜಲ್ಲಿ ಒಡೆಯುವವನಿಗೆ ಅದೂ ಒಂದು ಬಂಡೆ. ಡೈಕ್ ಶಿಲೆಯನ್ನು ಕರಿಯ ಗ್ರಾನೈಟ್ ಎಂಬ ವ್ಯಾಪಾರದ ಹೆಸರಿನಲ್ಲಿ ಕತ್ತರಿಸಿ ಸಾಗಿಸುವವನು ಅದರ ಅಂಚನ್ನೂ ಜೊತೆಯಲ್ಲಿಯೇ ಒಯ್ಯುತ್ತಾನೆ. ಕಲ್ಲು ಬೇಡವೆಂದು ನಾವು ಹೇಳುತ್ತಿಲ್ಲ. ಮನೆಗೂ ರಸ್ತೆಗೂ ಕಲ್ಲು ಬೇಕು. ಆದರೆ ಸಂದು ಹೋದ ಮೇಲೆ ಫೂಟ್ ಮತ್ತು ಸ್ಮೀತರ ವಾದವನ್ನು ಮತ್ತೊಮ್ಮೆ ಪರೀಕ್ಷಿಸಲು ಎಲ್ಲಿಗೆ ಹೋಗುವುದು? ಎರಡು ಗುಂಪು ಶಿಸ್ಟುಗಳುಂಟೆಂಬುದು ತಿಳಿದದ್ದು ಅದೇ ಬಂಡೆಗಳಿಗೆ ಮತ್ತೆ ಮತ್ತೆ ಹೋಗಿ ನೋಡಲು ಸಾಧ್ಯವಾದ್ದರಿಂದ.

ಆದುದರಿಂದ ನಾವು ಎರಡು ಮಾತನ್ನು ಸೂಚಿಸುತ್ತೇವೆ. ಲಾಲ್‌ಬಾಗಿನ ನೈಸ್, ಮರಡಿಹಳ್ಳಿಯ ದಿಂಬುಲಾವಾ, ಉಡುಪಿಯ ಬಳಿಯ ಸೇಂಟ್ ಮೇರಿ ದ್ವೀಪದ ಕಂಬಶಿಲೆ ಇವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆನಿಸಿರುವುದು ಸಂತೋಷ. ಅವುಗಳ ಜೊತೆಗೆ, ಸರದಿಯನ್ನು ತೋರಿಸುವ ಸಂದುಗಳನ್ನೂ ಜಿಲ್ಲೆ ಜಿಲ್ಲೆಯಲ್ಲಿ ಪಟ್ಟಿಮಾಡಿ, ಗಣಿಗೆ ಅನುಮತಿ ಕೊಡುವ ಮುನ್ನ ಆ ಪಟ್ಟಿಯನ್ನು ನೋಡುವ ಏರ್ಪಾಡಾಗಬೇಕು. ಒಂದೊಂದಕ್ಕೆ ಬೇಕಾದದ್ದು ಒಂದು ಕಣದಷ್ಟು ಜಾಗ.

ಎರಡನೆಯದು ಶಾಲೆಗಳಿಗೆ ಸಂಬಂಧಿಸಿದ್ದು. ಸ್ತರಗಳ ಸೂತ್ರಗಳನ್ನು ಬಾಯಿಪಾಠ ಮಾಡಿಸುವುದರಿಂದ ಪ್ರಯೋಜನವಿಲ್ಲ. ಊರ ಹೊರಗಿನ ಒಂದು ಬಂಡೆ, ಒಂದು ಬಾವಿಯ ಗೋಡೆ, ಒಂದು ರಸ್ತೆಯ ಕಡಿತ ಸಾಕು. ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಇದರಲ್ಲಿ ಮೊದಲು ಬಂದದ್ದು ಯಾವುದು, ನಿನಗೆ ಹೇಗೆ ಗೊತ್ತು, ಎಂದು ಕೇಳಬೇಕು. ಎರಡನೆಯ ಪ್ರಶ್ನೆಯೇ ಮುಖ್ಯ. ಸಂಖ್ಯೆಯನ್ನು ನಾವು ಇನ್ನೊಬ್ಬರ ಮಾತಿನ ಮೇಲೆ ನಂಬುತ್ತೇವೆ. ಸರದಿಯನ್ನಾದರೋ ನಮ್ಮ ಕಣ್ಣಿನಿಂದಲೇ ಪರೀಕ್ಷಿಸಬಹುದು. ಮುಂದಿನ ಸಲ ಲಾಲ್‌ಬಾಗಿಗೆ ಹೋದಾಗ ವಾಚಕರು ಗೋಪುರದ ಕಡೆ ನಡೆಯುವ ಮುನ್ನ ಒಂದು ಗಳಿಗೆ ನಿಂತು, ಕಾಲಡಿಯ ಬಿಳಿಯ ಎಳೆ ಯಾವುದನ್ನು ಸೀಳಿದೆ ಎಂದು ನೋಡಲಿ.