ಗಾಜಿನ ಗೂಡಿನಲ್ಲಿ ಆಮ್ಲಜನಕ

ಮಕ್ಕಳೇ, ಒಂದು ಲೋಟ ನೀರಿಗೆ ಬಟ್ಟೆಗೆ ಹಾಕುವ ನೀಲಿಯ ಒಂದು ಹನಿ ಬಿಡಿ. ಚಮಚ ಹಾಕಿ ಕಲಕಬೇಡಿ. ಸುಮ್ಮನೆ ಬಿಟ್ಟರೂ ನೀಲಿ ಮೆಲ್ಲಗೆ ಹರಡಿ ನೀರೆಲ್ಲ ತಿಳಿನೀಲಿಯಾಗುತ್ತದೆ. ಕಣಗಳು ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಹೀಗೆ ಹರಡುವುದಕ್ಕೆ ವಿಸರಣೆ ಎಂದು ಹೆಸರು. ನೀರಿನಲ್ಲೇನೋ ಸರಿ, ಗಟ್ಟಿ ಗಾಜಿನೊಳಗೂ ಏನಾದರೂ ಹರಡೀತೇ?

ಹರಡುತ್ತದೆ! ಆದರೆ ಅದನ್ನು ನೋಡಲು ಸಿಲಿಕಾ ಗಾಜು ಬೇಕು. ಕಿಟಕಿಯ ಗಾಜಿಗೆ ಮರಳಿನ ಜೊತೆ ಸೋಡಾ, ಸುಣ್ಣ ಸೇರಿಸುತ್ತಾರೆ. ಸಿಲಿಕಾ ಗಾಜಿನಲ್ಲಿ ಆ ಬೆರಕೆ ಇಲ್ಲ. ಅಲ್ಲಿ ಸಿಲಿಕಾನ್ ಮತ್ತು ಆಮ್ಲಜನಕದ ಪರಮಾಣುಗಳು ಒಂದನ್ನೊಂದು ಹಿಡಿದುಕೊಂಡು ಬಲೆಯಂತೆ ನಿಂತಿರುತ್ತವೆ. ಬಲೆ ಎಂದ ಮೇಲೆ ಕಣ್ಣುಗಳು ಇರಬೇಕಲ್ಲ! ಆ ಪುಟ್ಟ ಖಾಲಿ ಜಾಗಗಳಲ್ಲಿ, ಬಲೆಗೆ ಸೇರದ ಆಮ್ಲಜನಕದ ಅಣುಗಳು ಒಂಟಿಯಾಗಿ ಸಿಕ್ಕಿಕೊಂಡಿರುವುದುಂಟು. ನಾವು ಉಸಿರಾಡುವ ಆಮ್ಲಜನಕವೇ ಅದು.

ಅಷ್ಟು ಚಿಕ್ಕ ಅಣು ಒಳಗಿದೆ ಎಂದು ತಿಳಿಯುವುದು ಹೇಗೆ? 1996ರಲ್ಲಿ ಸ್ಕೂಯಾ ಮತ್ತು ಗುಟ್ಲರ್ ಎಂಬ ವಿಜ್ಞಾನಿಗಳು ಗಾಜಿನ ಮೇಲೆ ಲೇಸರ್ ಬೆಳಕು ಬಿಟ್ಟರು. ಒಳಗಿದ್ದ ಅಣುಗಳು ಆ ಶಕ್ತಿಯನ್ನು ಹೀರಿಕೊಂಡು, ಬಳಿಕ ತಮ್ಮದೇ ಬೆಳಕನ್ನು ಹೊರಬಿಟ್ಟವು. ಅದರ ತರಂಗಾಂತರ ಸುಮಾರು 1272 ನ್ಯಾನೊಮೀಟರ್. ನಮ್ಮ ಕಣ್ಣು ಕಾಣುವುದು ಸುಮಾರು 400ರಿಂದ 700 ನ್ಯಾನೊಮೀಟರ್‌ವರೆಗೆ ಮಾತ್ರ. ಹಾಗಾಗಿ ಈ ಅವಕೆಂಪು ಬೆಳಕು ನಮಗೆ ಕಾಣದು, ಉಪಕರಣಕ್ಕೆ ಕಾಣುತ್ತದೆ.

ಇನ್ನೊಂದು ಸೋಜಿಗ ಕೇಳಿ. ನೀರಿನಲ್ಲಿರುವ ಆಮ್ಲಜನಕ ಹೀಗೆ ಶಕ್ತಿ ಪಡೆದರೆ ಅದು ಸೆಕೆಂಡಿನ ಕೆಲವೇ ದಶಲಕ್ಷದ ಭಾಗಗಳಲ್ಲಿ ಮುಗಿದುಹೋಗುತ್ತದೆ. ಸುತ್ತಲಿನ ನೀರಿನ ಅಣುಗಳು ಜೋರಾಗಿ ಕಂಪಿಸುತ್ತ ಆ ಶಕ್ತಿಯನ್ನು ಕಸಿದುಕೊಳ್ಳುತ್ತವೆ. ಗಾಜಿನ ಬಲೆ ಹಾಗೆ ಕಸಿಯುವುದು ಕಡಿಮೆ. ತಣ್ಣಗಿನ ಸಿಲಿಕಾ ಗಾಜಿನಲ್ಲಿ ಶಕ್ತಿ ಸುಮಾರು ಒಂದು ಸೆಕೆಂಡ್ ಉಳಿಯುತ್ತದೆ. ಅಣುಗಳ ಲೋಕದಲ್ಲಿ ಅದೊಂದು ಯುಗವೇ ಸರಿ.

ಈ ಬೆಳಕು ಅಣುಗಳನ್ನು ಎಣಿಸಲೂ ನೆರವಾಗುತ್ತದೆ. ಬೆಳಕು ಹೆಚ್ಚಿದಷ್ಟೂ ಒಳಗಿನ ಅಣುಗಳು ಹೆಚ್ಚು. ಗಾಜನ್ನು ಆಮ್ಲಜನಕದ ನಡುವೆ ಬೇರೆ ಬೇರೆ ಹೊತ್ತು ಕಾಯಿಸಿ, ಪ್ರತಿ ಸಲ ಬೆಳಕನ್ನು ಅಳೆದರೆ, ಅಣುಗಳು ಎಷ್ಟು ಬೇಗ ಒಳನುಗ್ಗಿದವೆಂದು ತಿಳಿಯುತ್ತದೆ. ತಣ್ಣಗಿರುವಾಗ ಅವು ಹೆಚ್ಚುಕಡಿಮೆ ಕೂತಲ್ಲೇ ಇರುತ್ತವೆ. ಚೆನ್ನಾಗಿ ಕಾಯಿಸಿದಾಗ ಒಂದು ಗೂಡಿನಿಂದ ಪಕ್ಕದ ಗೂಡಿಗೆ ನೆಗೆಯುತ್ತ ಸಾಗುತ್ತವೆ.

ಈ ನಡಿಗೆಯಿಂದ ನಮಗೇನು ಲಾಭ ಎನ್ನುವಿರಾ? ಮನೆಯ ಫೋನು, ಟಿವಿ, ಕಂಪ್ಯೂಟರ್‌ಗಳೊಳಗಿನ ಚಿಪ್‌ಗಳ ಕತೆ ಇದರಲ್ಲಿದೆ. ಸಿಲಿಕಾನ್ ಬಿಲ್ಲೆಯನ್ನು ಆಮ್ಲಜನಕದಲ್ಲಿ ಸುಮಾರು 1000 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಅದರ ಮೇಲೆ ಸಿಲಿಕಾದ ತೆಳು ಪದರ ಕಟ್ಟುತ್ತದೆ. ವಿದ್ಯುತ್ ಬೇಡದ ಕಡೆ ಹರಿಯದಂತೆ ತಡೆಯುವ ಪದರ ಅದು. ಆದರೆ ಪದರ ಇನ್ನೂ ಬೆಳೆಯಬೇಕಾದರೆ ಹೊಸ ಆಮ್ಲಜನಕ ಆಗಲೇ ಕಟ್ಟಿರುವ ಗಾಜನ್ನು ದಾಟಿ ಕೆಳಗಿನ ಸಿಲಿಕಾನ್ ಮುಟ್ಟಬೇಕು. ಪದರ ದಪ್ಪವಾದಷ್ಟೂ ದಾರಿ ಉದ್ದ, ಬೆಳವಣಿಗೆ ನಿಧಾನ. ಇದರ ಲೆಕ್ಕವನ್ನು 1965ರಲ್ಲಿ ಅಮೆರಿಕದಲ್ಲಿ ಬ್ರೂಸ್ ಡೀಲ್ ಮತ್ತು ಆ್ಯಂಡ್ರೂ ಗ್ರೋವ್ ಬಿಡಿಸಿಟ್ಟರು. ಹಂಗೆರಿಯಲ್ಲಿ ಹುಟ್ಟಿದ ಗ್ರೋವ್ ಮುಂದೆ ಇಂಟೆಲ್ ಕಂಪನಿಯ ಮುಖ್ಯಸ್ಥರಾದರು.

ಈಗ ಅಜ್ಜ-ಅಜ್ಜಿಯರ ಜೊತೆ ಕೂತು ಒಂದು ಲೆಕ್ಕ ಮಾಡಿ. ದಪ್ಪ ಪದರದ ವಿಷಯದಲ್ಲಿ, ದಪ್ಪ 2 ಪಟ್ಟಾಗಲು ಒಟ್ಟು 4 ಪಟ್ಟು ಸಮಯ ಬೇಕು. ಹಾಗಾದರೆ 3 ಪಟ್ಟಾಗಲು?

(ಉತ್ತರ: 9 ಪಟ್ಟು. 3ನ್ನು 3ರಿಂದ ಗುಣಿಸಿ.)